ಕೈಗೆ ಗೊತ್ತಿದ್ದ ಜಾಗ

ಗೆದ್ದವರ ಮೆರವಣಿಗೆ ನೋಡಿ ನನಗೆ ಯಾವತ್ತೂ ಹಿಗ್ಗು ಬಂದದ್ದಿಲ್ಲ. ಪರೇಲಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯದ ಮುಕ್ಕಾಲು ಪಾಲು ಕೂತವನು ನಾನು. ಬಾಗಿಲ ಮುಂದೆ ಎಷ್ಟೋ ಮೆರವಣಿಗೆಗಳು ಹೋದವು, ಗುಲಾಲು ಗುಡಿಸುವ ಕೆಲಸ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಆದರೂ ಪರೇಲ್ ಭೋಂಗಾ ತಂಡ ಕಪ್ ಗೆದ್ದು ಬಂದ ದಿನ ನಾನೂ ಚಾಳಿನ ಗ್ಯಾಲರಿಗೆ ಬಂದು ನಿಂತೆ. ಯಾಕೆಂದರೆ ಟ್ರಕ್ಕಿನ ಮೇಲೆ ನಮ್ಮ ಧರ್ಮಣ್ಣ ಇದ್ದ.

ಬೋಳು ತಲೆಗೆಲ್ಲ ಗುಲಾಲು ಮೆತ್ತಿಸಿಕೊಂಡು, ಟ್ರಕ್ಕಿನ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಎಲ್ಲಿ ಬಿದ್ದೇನೋ ಎಂಬ ಹೆದರಿಕೆಯಲ್ಲಿ ಆತ ನಿಂತಿದ್ದ. ಪಕ್ಕದಲ್ಲಿ ಆ ವರ್ಷದ ಹೀರೋ, ಚೆಂಬೂರಿನ ಹುಡುಗ ಪ್ರೀತಮ್. ಅವನು ಕಪ್ಪನ್ನು ತಲೆಕೆಳಗು ಮಾಡಿ ಧರ್ಮಣ್ಣನ ತಲೆಗೆ ಟೋಪಿಯ ಹಾಗೆ ಹಾಕಿದ. ಇಡೀ ರಸ್ತೆ ನಕ್ಕಿತು. ನನ್ನ ಪಕ್ಕ ನಿಂತಿದ್ದ ಹಾಲವ್ವ, ಧರ್ಮಣ್ಣನ ಹೆಂಡತಿ, ನಗಲಿಲ್ಲ.

"ಅಣ್ಣಾರ, ಇಷ್ಟ ಎತ್ತರಕ್ಕ ಏರಿಸ್ಯಾರ. ಇಳಸೂವಾಗ ಯಾರರ ಕೈ ಹಿಡೀತಾರೇನ?" ಅಂದಳು.

ಹಾಲವ್ವನ ಮಾತೇ ಹಾಗೆ. ಹಬ್ಬದ ದಿನವೂ ಒಂದು ಹಿಡಿ ಉಪ್ಪು ಜಾಸ್ತಿ. ನಾನು ಆವತ್ತು ಅವಳನ್ನು ಗದರಿಸಿದೆ.

ಭೋಂಗಾ ಎಂದರೆ ಗಿರಣಿಯ ಸೈರನ್. ಒಂದು ಕಾಲದಲ್ಲಿ ಪರೇಲನ್ನು ಎಬ್ಬಿಸುತ್ತಿದ್ದದ್ದು, ಮಲಗಿಸುತ್ತಿದ್ದದ್ದು ಅದೇ. ಗಿರಣಿಗಳು ಮುಚ್ಚಿ, ಅವುಗಳ ಜಾಗದಲ್ಲಿ ಗಾಜಿನ ಆಫೀಸುಗಳು ಎದ್ದ ಮೇಲೆ, ಅಂಥದೇ ಒಂದು ಗಿರಣಿ ಜಾಗ ಕೊಂಡ ಬಿಲ್ಡರ್ ತನ್ನ ತಂಡಕ್ಕೆ ಆ ಹೆಸರಿಟ್ಟ. ಆಟ ಅಮೆರಿಕನ್ ಫುಟ್‌ಬಾಲ್. ಬೇರೆ ಬೇರೆ ಊರಿನ ದುಡ್ಡಿದ್ದವರು ಸೇರಿ ಲೀಗ್ ಕಟ್ಟಿದ್ದರು. ಕಬಡ್ಡಿ, ಕುಸ್ತಿ ಆಡಿಕೊಂಡಿದ್ದ ಹುಡುಗರನ್ನು ಸಂಬಳ ಕೊಟ್ಟು ತಂದಿದ್ದರು. ಹೆಸರಿನಲ್ಲಿ ಫುಟ್ ಇದ್ದರೂ ಈ ಆಟದಲ್ಲಿ ಕಾಲಿಗೂ ಚೆಂಡಿಗೂ ಅಷ್ಟಕ್ಕಷ್ಟೆ. ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಒಬ್ಬ ನುಗ್ಗಬೇಕು. ಅವನ ಕಡೆಯ ದಡೂತಿಗಳು ಮುಂದೆ ನಿಂತು ದಾರಿ ಬಿಡಿಸಬೇಕು. ಎದುರಿನವರು ಮೈಮೇಲೆ ಬಿದ್ದು ಅವನನ್ನು ಕೆಡವಬೇಕು. ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ. ನಮ್ಮಲ್ಲಿ ಹಾಗೆ ನುಗ್ಗುವವನು ಪ್ರೀತಮ್.

ಧರ್ಮಣ್ಣ ಈ ಆಟಕ್ಕೆ ಹೇಗೆ ಬಂದ ಎನ್ನುವುದನ್ನು ಹೇಳಬೇಕು. ಆತ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಗಿರಣಿಯಲ್ಲಿ ಬದಲಿ ಕೆಲಸಕ್ಕೆ ಸೇರಿದ. ಕೆಲಸಕ್ಕಿಂತ ಹೆಚ್ಚು ಹೊತ್ತು ಗಿರಣಿಯ ಹಿಂದಿನ ತಾಲೀಮಿನಲ್ಲಿ, ಕೆಂಪು ಮಣ್ಣಿನ ಅಖಾಡದಲ್ಲಿ ಇರುತ್ತಿದ್ದ. ಒಳ್ಳೆಯ ಪೈಲವಾನ ಆಗುವ ಲಕ್ಷಣ ಇತ್ತಂತೆ. ಒಂದು ದೊಡ್ಡ ದಂಗಲ್ಲಿಗೆ ಮೊದಲು ಅವನ ಎಡ ಮೊಣಕಾಲು ನೋಯುತ್ತಿತ್ತು. ಮಾಲೀಶು ಮಾಡುತ್ತಿದ್ದ ಗೆಳೆಯನೊಬ್ಬ ಅದನ್ನು ಪಾನ್ ಅಂಗಡಿಯಲ್ಲಿ ನಿಂತು ಯಾರಿಗೋ ಹೇಳಿಬಿಟ್ಟ. ಮಾರನೆಯ ದಿನ ಎದುರಾಳಿ ಕೈ ಕುಲುಕಿದವನೇ ಸೀದಾ ಆ ಮೊಣಕಾಲಿಗೇ ಬಂದ. ಧರ್ಮಣ್ಣ ಇವತ್ತಿಗೂ ಮೆಟ್ಟಿಲು ಹತ್ತುವಾಗ ಎಡಗಾಲನ್ನು ಎಳೆಯುತ್ತಾನೆ.

ಆಮೇಲೆ ಮುಷ್ಕರ, ಗಿರಣಿ ಬಂದ್. ತಾಲೀಮು ಮಾತ್ರ ಉಳಿಯಿತು. ಧರ್ಮಣ್ಣ ಅದಕ್ಕೆ ವಸ್ತಾದ್ ಆದ. ಹುಡುಗರಿಗೆ ಪಟ್ಟು ಕಲಿಸುವುದು, ಉಳುಕು ತೆಗೆಯುವುದು, ಮಾಲೀಶು ಮಾಡುವುದು. ಮನೆ ನಡೆದದ್ದು ಹಾಲವ್ವನ ಜೋಳದ ರೊಟ್ಟಿಯ ಖಾನಾವಳಿಯಿಂದ. ಆ ತಾಲೀಮಿನಲ್ಲಿ ಒಂದು ಕಟ್ಟುಪಾಡು ಇತ್ತು, ಧರ್ಮಣ್ಣ ಅದನ್ನು ದೇವರ ಮಾತಿನಂತೆ ನಡೆಸಿದ. ಪೈಲವಾನನ ಮೈಯಲ್ಲಿ ಎಲ್ಲಿ ನೋವಿದೆ ಎಂದು ವಸ್ತಾದನ ಕೈಗೆ ಗೊತ್ತಾದರೆ, ಅದು ಅವನ ಬಾಯಿಗೆ ಬರಬಾರದು. ಹೆಂಡತಿಗೂ ಹೇಳಕೂಡದು, ಇನ್ನೊಬ್ಬ ಶಿಷ್ಯನಿಗೂ ಹೇಳಕೂಡದು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ನಾವು ಲೋಕಾರೂಢಿಯಾಗಿ ಹೇಳುತ್ತೇವೆ. ಧರ್ಮಣ್ಣನಿಗೆ ಅದು ಮೊಣಕಾಲಿನಿಂದಲೇ ಕಲಿತ ಪಾಠ.

ಹೀಗೆ ಬಾಯಿ ಕಟ್ಟಿದ ಮನುಷ್ಯನ ಹತ್ತಿರ ಹುಡುಗರು ಎಲ್ಲ ಬಿಚ್ಚಿ ಹೇಳುತ್ತಿದ್ದರು. ತಾಲೀಮಿನ ಕೆಲವರು ಭೋಂಗಾ ತಂಡಕ್ಕೆ ಸೇರಿದಾಗ ವಸ್ತಾದನನ್ನೂ ಎಳೆದುಕೊಂಡು ಹೋದರು. ಗೆದ್ದ ವರ್ಷ ತಂಡದಲ್ಲಿ ಒಬ್ಬ ಫಿಸಿಯೋ ಹುಡುಗಿಯೂ ಇದ್ದಳು. ಧರ್ಮಣ್ಣ ಎಣ್ಣೆ ಹಚ್ಚುತ್ತಿದ್ದ, ಅವಳು ಪರೀಕ್ಷೆ ಮಾಡುತ್ತಿದ್ದಳು. ಇಬ್ಬರಿಗೂ ಜಗಳವಿರಲಿಲ್ಲ.

ಗೆದ್ದ ಎತ್ತಿನ ಬಾಲ ಹಿಡಿಯುವವರು ಬಹಳ ಜನ. ಆ ಎತ್ತಿಗೆ ಹುಲ್ಲು ಹಾಕುವವರು ಯಾರೂ ಇಲ್ಲ. ಕಪ್ ಬಂದ ಮೇಲೆ ಬಿಲ್ಡರಿನ ಆಫೀಸಿನಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಭ್ಯಾಸ ಮಾಡುತ್ತಿದ್ದ ಗಿರಣಿ ಮೈದಾನದಲ್ಲಿ ಟವರಿನ ಪಾಯ ತೋಡಿದರು. ಹುಡುಗರು ವಡಾಲಾದ ಒಂದು ಶಾಲೆಯ ಅಂಗಳಕ್ಕೆ ಹೋಗಬೇಕಾಯಿತು. ಫಿಸಿಯೋ ಹುಡುಗಿಯನ್ನು ಕೈಬಿಟ್ಟರು, ಹೇಗೂ ವಸ್ತಾದ್ ಇದ್ದಾನಲ್ಲ ಅಂದರು. ಎಲ್ಲಕ್ಕಿಂತ ಕೆಟ್ಟದ್ದು, ಮುಂದೆ ನಿಂತು ದಾರಿ ಬಿಡಿಸುತ್ತಿದ್ದ ದಡೂತಿಗಳನ್ನು ಬೇರೆ ತಂಡಗಳಿಗೆ ಮಾರಿದರು. ಅವರಲ್ಲಿ ಸಂತು ಎಂಬ ನಮ್ಮ ತಾಲೀಮಿನ ಹುಡುಗನೂ ಇದ್ದ; ಅವನು ಪುಣೆಯ ತಂಡಕ್ಕೆ ಹೋದ. ಪೇಪರಿನಲ್ಲಿ ಹೆಸರು ಬರುತ್ತಿದ್ದದ್ದು ಪ್ರೀತಮನದು ಮಾತ್ರ, ಹಾಗಾಗಿ ಅವನೊಬ್ಬನಿದ್ದರೆ ಸಾಕು ಎಂದು ಮಾಲೀಕ ತಿಳಿದ. ಬಾಗಿಲು ತೆಗೆಯುವವರನ್ನು ಕಳಿಸಿಬಿಟ್ಟು, ಗೋಡೆಗೆ ಹೋಗಿ ಗುದ್ದು ಅಂದ ಹಾಗಾಯಿತು.

ಹೊಸ ಸೀಸನ್ನಿನ ಮೊದಲ ಪಂದ್ಯ ಸೋತರು. ಮೈ ಬಿಸಿ ಆಗಿಲ್ಲ ಅಂದರು. ಎರಡನೆಯದೂ ಹೋಯಿತು, ಮೂರನೆಯದೂ. ನಮ್ಮ ಚಾಳಿನ ಹುಡುಗರು ಭೋಂಗಾದ ಹಳದಿ ಜರ್ಸಿಗಳನ್ನು ಹಾಕಿಕೊಂಡು ಹೊರಗೆ ಬರುವುದನ್ನು ಬಿಟ್ಟರು. ಪಂದ್ಯಕ್ಕೆ ಮೊದಲು ಮೈದಾನದಲ್ಲಿ ಗಿರಣಿಯ ಭೋಂಗಾ ಬಾರಿಸುವ ರೂಢಿ ಇತ್ತು. ಹೋದ ವರ್ಷ ಅದು ಕೇಳಿದರೆ ಮುದುಕರ ಕಣ್ಣಲ್ಲಿ ನೀರು ಬರುತ್ತಿತ್ತು. ಈ ವರ್ಷ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ದಿನ ಅಭ್ಯಾಸ ಮುಗಿದ ಮೇಲೆ, ಶಾಲೆಯ ಖಾಲಿ ತರಗತಿಯಲ್ಲಿ, ಎರಡು ಬೆಂಚು ಜೋಡಿಸಿ ಮಲಗಿಸಿಕೊಂಡು ಧರ್ಮಣ್ಣ ಪ್ರೀತಮನಿಗೆ ಮಾಲೀಶು ಮಾಡುತ್ತಿದ್ದ. ಕುತ್ತಿಗೆ ಮುಗಿದು ಬಲಭುಜ ಶುರುವಾಗುವ ಕಡೆ, ಕೊರಳ ಮೂಳೆಯ ಹಿಂದೆ ಬೆರಳು ಹೋದಾಗ ಹುಡುಗನ ಮೈ ಝುಮ್ಮೆಂದಿತು. ಧರ್ಮಣ್ಣ ಮತ್ತೆ ಒತ್ತಿದ. ಬೆಂಚಿನಾಚೆ ಇಳಿಬಿದ್ದಿದ್ದ ಬಲಗೈಯ ಹೆಬ್ಬೆರಳು ತಾನಾಗಿ ಅದುರಿತು. ತೋಳಿನ ಮೇಲೆ ಕೈಯಾಡಿಸಿ ನೋಡಿದ. ಬಲದ ಮಾಂಸ ಎಡದಷ್ಟು ತುಂಬಿರಲಿಲ್ಲ.

"ಎಂದಿನಿಂದ?" ಎಂದು ಕೇಳಿದ.

ಪ್ರೀತಮನ ಮನೆಮಾತು ತುಳು, ಹೊರಗಿನ ಮಾತು ಹಿಂದಿ. ಕನ್ನಡ ಬರುವುದು ಅಷ್ಟಿಷ್ಟು. "ಲಾಸ್ಟ್ ಇಯರ್ ಫೈನಲ್‌ನಿಂದ, ವಸ್ತಾದ್. ಯಾರಾದ್ರೂ ಗುದ್ದಿದ್ರೆ ಕೈಯಲ್ಲಿ ಕರೆಂಟ್ ಹೋಗ್ತದೆ. ಥೋಡಾ ಟೈಮ್, ಆಮೇಲೆ ಸರಿಯಾಗ್ತದೆ. ಈಗ ಗ್ಲಾಸ್ ಹಿಡಿದ್ರೆ ಬೀಳ್ತದೆ ಕಭೀ ಕಭೀ."

"ಒಂದೆರಡ ಜೋಡಿ ಬಿಡು. ಮೈ ತಡಕೊಳ್ಳಲಿ."

ಜೋಡಿ ಬಿಡು ಎಂದರೆ ಈ ಸಲ ಕುಸ್ತಿಗೆ ಇಳಿಯಬೇಡ ಎಂದು. ತಾಲೀಮಿನಲ್ಲಿ ವಸ್ತಾದ್ ಹಾಗೆ ಅಂದರೆ ಮುಗಿಯಿತು. ಕಾರಣ ಯಾರೂ ಕೇಳುವಂತಿಲ್ಲ, ಪೈಲವಾನ ಲಂಗೋಟಿ ಬಿಚ್ಚಿಟ್ಟು ಮನೆಗೆ ಹೋಗಬೇಕು. ಪ್ರೀತಮ್ ನಕ್ಕುಬಿಟ್ಟ.

"ಇದು ಕುಸ್ತಿ ಅಲ್ಲ ವಸ್ತಾದ್. ನಾನು ಒಂದು ಸಲ ಬೆಂಚ್ ಮೇಲೆ ಕೂತ್ರೆ ಖತಂ, ಇನ್ನೊಬ್ಬ ಬರ್ತಾನೆ. ಪ್ಲೀಸ್, ಕೋಚ್‌ಗೆ ಹೇಳ್ಬೇಡಿ."

"ನಾ ಯಾರ ಮುಂದೂ ಹೇಳಾಂವಲ್ಲ. ನೀ ಹೇಳಬ್ಯಾಡಂದ್ರೂ ಹೇಳಾಂವಲ್ಲ, ಹೇಳಂದ್ರೂ ಹೇಳಾಂವಲ್ಲ," ಅಂದ ಧರ್ಮಣ್ಣ. ಅದನ್ನು ಹೇಳುವಾಗ ಅವನಿಗೆ ಹೆಮ್ಮೆಯೇ ಆಗಿತ್ತಂತೆ; ಎಲ್ಲ ಮುಗಿದ ಮೇಲೆ ಅವನೇ ನನಗೆ ಹೇಳಿದ್ದು.

ಇಲ್ಲೇ ನನಗೆ ಸಿಟ್ಟು ಬರುವುದು. ಹಳೆಯ ಕಟ್ಟುಪಾಡಿಗೆ ಎರಡು ಕಾಲು ಇದ್ದವು. ನೋವನ್ನು ಮುಚ್ಚಿಡುವುದು ಒಂದು, ನೋವಿದ್ದವನನ್ನು ಅಖಾಡಕ್ಕೆ ಇಳಿಯಗೊಡದಿರುವುದು ಇನ್ನೊಂದು. ತಡೆಯುವ ಅಧಿಕಾರ ಇದ್ದದ್ದರಿಂದಲೇ ಆ ಮೌನಕ್ಕೆ ಬೆಲೆ ಇತ್ತು. ಭೋಂಗಾ ತಂಡದಲ್ಲಿ ಯಾರು ಆಡಬೇಕು, ಯಾರು ಕೂರಬೇಕು ಎನ್ನುವ ಮಾತು ಕೋಚಿನದು, ಮಾಲೀಕನದು. ಧರ್ಮಣ್ಣನ ಕೈಯಲ್ಲಿ ಉಳಿದದ್ದು ಎಣ್ಣೆಯ ಬಟ್ಟಲು. ಅರ್ಧ ಪದ್ಧತಿಯನ್ನು ಹಿಡಿದುಕೊಂಡು ಆತ ಅದನ್ನೇ ಪೂರ್ತಿ ಎಂದುಕೊಂಡ. ಅಷ್ಟು ವಯಸ್ಸಾದ ಮನುಷ್ಯನಿಗೆ ಇದು ಹೊಳೆಯಬಾರದೇ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ನನಗೂ ಹೊಳೆದದ್ದು ಎಲ್ಲ ಆದ ಮೇಲೆಯೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪುಣೆಯವರ ಜೊತೆ ಪಂದ್ಯ ಅಂಧೇರಿಯಲ್ಲಿತ್ತು. ಶುರುವಾಗುವ ಮೊದಲು ಸಂತು ಅವರ ನೀಲಿ ಜರ್ಸಿ ಹಾಕಿಕೊಂಡೇ ಬಂದು ಧರ್ಮಣ್ಣನ ಕಾಲು ಮುಟ್ಟಿದ. ಹಾಲವ್ವ ಹೇಗಿದ್ದಾರೆ, ತಾಲೀಮಿಗೆ ಹೊಸ ಮಣ್ಣು ಹಾಕಿಸಿದಿರಾ ಎಂದೆಲ್ಲ ಕೇಳಿ, ಹೋಗುವಾಗ, "ಪ್ರೀತಮ್ ಹ್ಯಾಂಗದಾನ? ಯಾಕೋ ಸ್ವಲ್ಪ ಸೊರಗಿದಂಗ ಕಾಣ್ತಾನ," ಅಂದ.

ಹುಡುಗನಿಗೆ ಕಾಳಜಿಯೇ ಇದ್ದಿರಬೇಕು. ಒಂದೇ ತಟ್ಟೆಯಲ್ಲಿ ಉಂಡವರು ಅವರು. ಧರ್ಮಣ್ಣನ ಕಿವಿಗೆ ಮಾತ್ರ ಬೇರೆ ಕೇಳಿಸಿತು. ಪಾನ್ ಅಂಗಡಿ, ಮೊಣಕಾಲು, ಎಲ್ಲ ಒಮ್ಮೆಗೇ ಎದುರು ಬಂದು ನಿಂತವು. "ಹುಲಿ ಇದ್ದಂಗ ಅದಾನ. ನಿನ್ನ ಆಟ ನೀ ನೋಡ್ಕೊ," ಎಂದು ಮುಖ ತಿರುಗಿಸಿದ.

ಆ ಕಾವು ಇನ್ನೂ ಇಳಿದಿರಲಿಲ್ಲ, ಕೋಚ್ ಹಿತೇಶ್ ಅವನನ್ನು ಪಕ್ಕಕ್ಕೆ ಕರೆದ. ಹಿತೇಶ್ ಕೆಟ್ಟವನಲ್ಲ. ಸೋತು ಸೋತು ಮುಖ ಬಾಡಿಸಿಕೊಂಡಿದ್ದ ಬಡಪಾಯಿ. ಪ್ರೀತಮ್ ಬಲಗೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾರದೆ ಹಲ್ಲಿನಲ್ಲಿ ಕಚ್ಚಿ ತೆಗೆದದ್ದನ್ನು ಅವನು ನೋಡಿದ್ದ.

"ವಸ್ತಾದ್, ಸಚ್ ಬತಾವೋ. ಪ್ರೀತಮ್ ಠೀಕ್ ಹೈ? ಏನಾದ್ರೂ ಇದ್ರೆ ಇವತ್ತು ಇಳಿಸೋದಿಲ್ಲ."

ಕೇಳಿದಿರಾ, ಇಳಿಸೋದಿಲ್ಲ ಅಂದ. ತಡೆಯುವ ಅಧಿಕಾರ ಇದ್ದವನು ತಾನಾಗಿ ಬಂದು ಎದುರು ನಿಂತು ಕೇಳಿದ. ಹಿಂದೆ ಸ್ವಲ್ಪ ದೂರದಲ್ಲಿ ನೀಲಿ ಜರ್ಸಿಯ ಸಂತು ಬೂಟಿನ ಲೇಸು ಕಟ್ಟುತ್ತಿದ್ದ. ಧರ್ಮಣ್ಣ ಅವನನ್ನು ನೋಡಿದ, ಕೋಚನ್ನು ನೋಡಿದ.

"ಏಕದಮ್ ಫಿಟ್, ಸಾಬ್."

ಪಂದ್ಯದ ಅರ್ಧದಲ್ಲಿ ಅದು ಆಯಿತು. ಪ್ರೀತಮ್ ಚೆಂಡು ಅವುಚಿಕೊಂಡು ನುಗ್ಗಿದ. ಮುಂದೆ ದಾರಿ ಇರಲಿಲ್ಲ, ಬಿಡಿಸುವವರೂ ಇರಲಿಲ್ಲ. ಬಲಗಡೆಯಿಂದ ಒಬ್ಬ ಓಡಿ ಬಂದು ಭುಜಕ್ಕೆ ಡಿಕ್ಕಿ ಹೊಡೆದ. ಭುಜ ಕೆಳಕ್ಕೆ ಹೋಯಿತು, ತಲೆ ಎಡಕ್ಕೆ ಹೋಯಿತು. ಸಂತುವೇ ಮೊದಲು ಹತ್ತಿರ ಕೂತು ಸ್ಟ್ರೆಚರಿಗೆ ಕೈ ಬೀಸಿದವನು. ಸ್ಟ್ರೆಚರ್ ಬರುವ ಮೊದಲೇ ಪ್ರೀತಮ್ ಎದ್ದು ನಿಂತ. ಜನ ಚಪ್ಪಾಳೆ ಹೊಡೆದರು. ಬಿದ್ದ ಚೆಂಡನ್ನು ಅವನು ಎಡಗೈಯಿಂದ ಎತ್ತಿಕೊಂಡು ಅಂಪೈರಿಗೆ ಕೊಟ್ಟ. ಬಲಗೈ ಭುಜದಿಂದ ಸುಮ್ಮನೆ ನೇತಾಡುತ್ತಿತ್ತು.

ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು, ಕುತ್ತಿಗೆಯಿಂದ ಕೈಗೆ ಬರುವ ನರಗಳು ಬೇರು ಸಹಿತ ಕಿತ್ತು ಬಂದಿವೆ ಎಂದು. ಆಪರೇಷನ್ ಮಾಡಿದರು. ಕೈ ಉಳಿಯಿತು, ಅದಕ್ಕೆ ಜೀವ ಬರಲಿಲ್ಲ. ಮೊದಲು ಯಾವತ್ತಾದರೂ ಕೈ ಜುಮುಗುಟ್ಟಿತ್ತೇ ಎಂದು ಡಾಕ್ಟರು ಕೇಳಿದಾಗ ಧರ್ಮಣ್ಣ ಮಂಚದ ಪಕ್ಕದಲ್ಲೇ ನಿಂತಿದ್ದ. ಪ್ರೀತಮ್ ಅವನ ಕಡೆ ಒಮ್ಮೆ ನೋಡಿ, ಇಲ್ಲ, ಇದೇ ಮೊದಲ ಸಲ ಅಂದ. ಗುರುವಿನ ಪದ್ಧತಿಯನ್ನು ಶಿಷ್ಯನೂ ಕಲಿತಿದ್ದ.

ಭೋಂಗಾ ತಂಡ ಆ ಸೀಸನ್ನಿನಲ್ಲಿ ಎಲ್ಲರಿಗಿಂತ ಕೆಳಗೆ ನಿಂತಿತು. ಹೋದ ವರ್ಷದ ಚಾಂಪಿಯನ್ನರು ಎಂದು ಒಂದೆರಡು ದಿನ ಪೇಪರಿನವರು ಗೇಲಿ ಮಾಡಿದರು, ಆಮೇಲೆ ಅದನ್ನೂ ಬಿಟ್ಟರು. ಮಾಲೀಕ ತಂಡವನ್ನು ಯಾರಿಗೋ ದಾಟಿಸಿದ. ಚೆಂಬೂರು ಸ್ಟೇಶನ್ನಿನ ಹೊರಗೆ ಚೆಂಡು ಅವುಚಿಕೊಂಡು ಓಡುವ ಪ್ರೀತಮನ ದೊಡ್ಡ ಪೋಸ್ಟರ್ ಇತ್ತು. ಅದರ ಮೇಲೆ ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿಸಿದರು. ಧರ್ಮಣ್ಣ ತಾಲೀಮಿಗೆ ಹೋಗುವುದನ್ನು ನಿಲ್ಲಿಸಿದ. ಯಾರಾದರೂ ಉಳುಕು ಎಂದು ಬಂದರೆ, "ಕೈ ಕೆಟ್ಟೈತ್ರಿ, ಬ್ಯಾರೆ ಕಡೆ ಹೋಗ್ರಿ," ಎಂದು ವಾಪಸು ಕಳಿಸುತ್ತಿದ್ದ. ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ತನ್ನ ಅಂಗೈಯನ್ನು ತಾನೇ ತಿಕ್ಕಿಕೊಳ್ಳುತ್ತಿದ್ದ. ನನಗೆ ಅವನನ್ನು ನೋಡಿ ಸಂಕಟವಾಗುತ್ತಿತ್ತು. ಕಾರಣ ಆಗ ಗೊತ್ತಿರಲಿಲ್ಲ.

ಒಂದು ದಿನ ಪ್ರೀತಮನ ತಾಯಿ ಸೇವಂತಿ ನಮ್ಮ ಚಾಳಿಗೇ ಬಂದಳು. ಉಡುಪಿ ಕಡೆಯ ಹೆಂಗಸು. ಗಂಡ ಹೋಟೆಲಿನಲ್ಲಿ ಅಡುಗೆ ಭಟ್ಟನಾಗಿದ್ದವ, ತೀರಿಕೊಂಡು ಬಹಳ ಕಾಲವಾಯಿತು. ಚೆಂಬೂರಿನ ಕಾಲನಿಯಲ್ಲಿ ಆಫೀಸಿನವರಿಗೆ ಊಟದ ಡಬ್ಬಿ ಕಟ್ಟಿ ಒಬ್ಬನೇ ಮಗನನ್ನು ಬೆಳೆಸಿದವಳು.

"ಕೈಯನ್ನು ದಿನಾ ಮಡಚಿ ಬಿಡಿಸ್ಬೇಕಂತೆ, ಇಲ್ಲದಿದ್ರೆ ಗಂಟು ಹಿಡಿದುಬಿಡ್ತದೆ ಅಂತ ಡಾಕ್ಟರ್ ಹೇಳಿದ್ರು. ಎಣ್ಣೆ ತಿಕ್ಕಿದ್ರೆ ಒಳ್ಳೇದೇ ಅಂತೆ. ಯಾರ್ಯಾರ ಕೈಗೋ ಕೊಡ್ಲಿಕ್ಕೆ ನನಗೆ ಧೈರ್ಯ ಇಲ್ಲ ಮಾರಾಯ್ರೆ. ನೀವೇ ಬನ್ನಿ," ಅಂದಳು.

ಧರ್ಮಣ್ಣ ಇಲ್ಲ ಅನ್ನಲಾರದೆ ಹೋದ. ಪರೇಲಿನಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ, ಎಡಗಾಲು ಎಳೆಯುತ್ತ ಸೇತುವೆ ಹತ್ತಿ ಇಳಿದು, ದಿನಾ ಮಧ್ಯಾಹ್ನ ಚೆಂಬೂರಿಗೆ ಹೋಗತೊಡಗಿದ. ಸೇವಂತಿ ಅವನಿಗಾಗಿ ಎಣ್ಣೆ ಬೆಚ್ಚಗೆ ಮಾಡಿಟ್ಟಿರುತ್ತಿದ್ದಳು, ಕೆಲಸ ಮುಗಿದ ಮೇಲೆ ನೀರುದೋಸೆ ಹಾಕಿಕೊಡುತ್ತಿದ್ದಳು. ದೋಸೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಆತ ಹಾಲವ್ವನ ಮುಂದೆ ಹೇಳಿದನಂತೆ. ಯಾಕೆ ಎಂದು ಹೇಳಲಿಲ್ಲ. ಹೆಂಡತಿಗೂ ಹೇಳಕೂಡದಲ್ಲ.

ಅದಕ್ಕೇ ಇರಬೇಕು, ಒಂದು ದಿನ ಹಾಲವ್ವ ತಾನೂ ಹೊರಟಳು. ಮುಂದಿನದನ್ನು ನನಗೆ ಹೇಳಿದವಳು ಅವಳೇ.

ಪ್ರೀತಮ್ ಚಾಪೆಯ ಮೇಲೆ ಕೂತಿದ್ದ. ಧರ್ಮಣ್ಣ ಸತ್ತ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳು ಮಡಚಿ ಬಿಡಿಸುತ್ತಿದ್ದ. ಸೇವಂತಿ ಬಾಗಿಲ ಹತ್ತಿರ ತೆಂಗಿನಕಾಯಿ ತುರಿಯುತ್ತ, ಹಾಲವ್ವನ ಕಡೆ ತಿರುಗಿ ಮಾತಾಡುತ್ತಿದ್ದಳು.

"ಇವನು ಆಟಕ್ಕೆ ಹೋಗುವಾಗ ನನಗೆ ಹೆದರಿಕೆ ಇರ್ಲಿಲ್ಲ, ಗೊತ್ತುಂಟಾ? ವಸ್ತಾದರು ಇದ್ದಾರಲ್ಲ ಅಂತ. ಮೊನ್ನೆ ಡಾಕ್ಟರ್ ಎಂತ ಹೇಳ್ತಾರೆ, ಇದು ಒಂದೇ ದಿನದ್ದಲ್ಲ, ಮೊದಲಿಂದ್ಲೇ ಇತ್ತು, ಆಗ್ಲೇ ಆಟ ನಿಲ್ಲಿಸಿದ್ರೆ ಕೈ ಉಳೀತಿತ್ತು ಅಂತ. ನಾನು ಬಿಡ್ಲಿಲ್ಲ. ಹಾಗೆ ಇದ್ದಿದ್ರೆ ನಮ್ಮ ವಸ್ತಾದರ ಕೈಗೆ ಗೊತ್ತಾಗ್ತಿರ್ಲಿಲ್ವಾ ಅಂತ ಕೇಳಿದೆ. ಅಲ್ವಾ ವಸ್ತಾದರೆ?"

ಧರ್ಮಣ್ಣನ ಕೈ ನಿಂತಿತು.

"ವಸ್ತಾದ್, ಛೋಡೋ ನಾ, ಆ ಮಾತು ಬೇಡ," ಅಂದ ಪ್ರೀತಮ್ ಮೆಲ್ಲಗೆ.

"ಗೊತ್ತಿತ್ತು ತಂಗೀ," ಅಂದ ಧರ್ಮಣ್ಣ. "ಭಾಳ ಮದಲ ಗೊತ್ತಿತ್ತು. ಕೋಚ್ ಸಾಹೇಬ ಆವತ್ತ ಕರದ ಕೇಳಿದ, ಇದ್ರ ಇಳಸೂದಿಲ್ಲ ಅಂದ. ನಾ ಏನೂ ಇಲ್ಲ ಅಂದೆ. ವಸ್ತಾದ ಆದಾಂವ ಹೇಳಬಾರದಂತ ಸುಮ್ಮನಾದೆ."

ಸೇವಂತಿ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಹಾಲವ್ವ ಹೇಳುತ್ತಾಳೆ. ತುರಿಯುವ ಮಣೆಯ ಮೇಲಿಂದ ಎದ್ದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಧರ್ಮಣ್ಣನ ಎದುರು ಕೂತಳು. ಎಣ್ಣೆಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

"ನನಗೆ ಕಲಿಸಿ. ನಾಳೆಯಿಂದ ನೀವು ಬರೂದು ಬೇಡ."

ಧರ್ಮಣ್ಣ ಕಲಿಸಿದ. ಬೆರಳು ಹೇಗೆ ಮಡಚಬೇಕು, ಮೊಣಕೈಯನ್ನು ಎಲ್ಲಿ ಹಿಡಿದು ಎತ್ತಬೇಕು, ಭುಜವನ್ನು ಎಷ್ಟು ತಿರುಗಿಸಬೇಕು, ಎಲ್ಲವನ್ನೂ ನಿಧಾನವಾಗಿ ತೋರಿಸಿದ. ಅವಳು ಹಾಗೆಯೇ ಮಾಡಿದಳು. ಕೊನೆಗೆ, ಮುಖ ಎತ್ತದೆ ಕೇಳಿದಳು.

"ಎಲ್ಲಿ ಗೊತ್ತಾದದ್ದು ನಿಮಗೆ?"

ಧರ್ಮಣ್ಣ ಅವಳ ತೋರುಬೆರಳನ್ನು ಹಿಡಿದು, ಮಗನ ಕೊರಳ ಮೂಳೆಯ ಹಿಂದೆ, ಕುತ್ತಿಗೆ ಮುಗಿದು ಭುಜ ಶುರುವಾಗುವ ಕಡೆ ಇಟ್ಟ. "ಇಲ್ಲೆ. ಇಲ್ಲೆ ಒತ್ತಿದ್ರ ಹೆಬ್ಬೆರಳ ಅದರತಿತ್ತು."

ಸೇವಂತಿ ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ನಾಲ್ವರೂ ಚಾಪೆಯ ಮೇಲೆ ಬಿದ್ದಿದ್ದ ಆ ಕೈಯ ಹೆಬ್ಬೆರಳನ್ನೇ ನೋಡುತ್ತ ಕೂತರು. ಅದು ಅಲುಗಲಿಲ್ಲ.